ಕವಿ ಪರಿಚಯ: ರಾಬರ್ಟ್ ಬರ್ನ್ಸ್ ಮತ್ತು ಮನೆಯ ಮಾತು

ಬೋಧನಾಭ್ಯಾಸದ ಎರಡನೆಯ ವಾರ. ರಜೆಯ ಬಗ್ಗೆ ಬರೆಯುತ್ತ ಏಳನೆಯ ತರಗತಿಯ ಹುಡುಗನೊಬ್ಬ ಹಳ್ಳದ ಉಸುಕಿನಲ್ಲಿ ಮನೆ ಕಟ್ಟಿದ್ದನ್ನು ಎರಡು ಪುಟ ಬರೆದಿದ್ದ. ನಾನು ಉಸುಕು ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು ಮರಳು ಎಂದು ತಿದ್ದಿದೆ. ಮುಂದಿನ ಸಲ ಅವನು ಬರೆದದ್ದು ನಾಲ್ಕೇ ಸಾಲು. ಅದೇ ವಾರ ಇಂಗ್ಲಿಷ್ ಬೋಧನೆಗಾಗಿ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ನ ಪರಿಚಯವನ್ನು ಸಿದ್ಧಪಡಿಸುತ್ತಿದ್ದೆ. ಅವನ ಬದುಕನ್ನು ಓದುವಾಗ ನನ್ನ ಕೆಂಪು ಗೆರೆ ನೆನಪಾಗುತ್ತಲೇ ಇತ್ತು.

ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25ರಂದು, ಅಲೋವೇ ಎಂಬ ಹಳ್ಳಿಯಲ್ಲಿ, ತಂದೆ ಕೈಯಾರೆ ಕಟ್ಟಿದ ಮಣ್ಣಿನ ಮನೆಯಲ್ಲಿ. ತಾಯಿ ಆಗ್ನೆಸ್ ಹಳೆಯ ಹಾಡುಗಳನ್ನು ಹಾಡುತ್ತಿದ್ದಳು. ತಾಯಿಯ ಕಡೆಯ ನೆಂಟಳಾದ ಬೆಟ್ಟಿ ಡೇವಿಡ್‌ಸನ್ ದೆವ್ವ, ಮಾಟಗಾತಿಯರ ಕಥೆ ಹೇಳುತ್ತಿದ್ದಳು. ಇದೆಲ್ಲ ಸ್ಕಾಟ್ಸ್ ನುಡಿಯಲ್ಲಿ. ಓದು ಮಾತ್ರ ಇಂಗ್ಲಿಷಿನಲ್ಲಿ. 1765ರಲ್ಲಿ ತಂದೆಯೂ ನೆರೆಯವರೂ ಸೇರಿ ಜಾನ್ ಮರ್ಡಾಕ್ ಎಂಬ ಹದಿನೆಂಟರ ತರುಣನನ್ನು ಶಿಕ್ಷಕನಾಗಿ ಗೊತ್ತುಮಾಡಿದರು. ಅವನು ವ್ಯಾಕರಣವನ್ನು ಚೆನ್ನಾಗಿಯೇ ಕಲಿಸಿದ. ಆದರೆ ರಾಬರ್ಟನ ಕಿವಿ ಮಂದ, ದನಿ ಹಾಡಿಗೆ ಒಗ್ಗದು ಎಂದು ಭಾವಿಸಿದ್ದ. ಮುಂದೆ ಆ ಹುಡುಗನೇ ನೂರಾರು ಸ್ಕಾಟಿಷ್ ಹಾಡುಗಳನ್ನು ಕೂಡಿಹಾಕಿ, ತಿದ್ದಿ, ಹೊಸದಾಗಿ ಬರೆದ. ಅದಕ್ಕೆ ಸಂಭಾವನೆಯನ್ನೂ ಬಯಸಲಿಲ್ಲ.

ಬಾಲ್ಯದಿಂದಲೇ ಹೊಲದ ದುಡಿಮೆ ಅವನ ಪಾಲಿಗಿತ್ತು. ಸ್ಕಾಟ್ಸ್‌ನಲ್ಲಿ ಬರೆದ ಹಿಂದಿನ ಕವಿ ರಾಬರ್ಟ್ ಫರ್ಗುಸನ್ನನ ಪದ್ಯಗಳು ಅವನಿಗೆ ಧೈರ್ಯ ಕೊಟ್ಟವು. 1785ರಲ್ಲಿ ನೇಗಿಲಿಗೆ ಸಿಕ್ಕು ಹಾಳಾದ ಇಲಿಯ ಗೂಡನ್ನು ಕುರಿತು ಬರೆದಾಗ ಅವನು ಆ ಇಲಿಯನ್ನು ಬೀಸ್ಟಿ ಎಂದು ಕರೆದ. ಇಂಗ್ಲಿಷಿನ ಬೀಸ್ಟ್ ಬರಿಯ ಪ್ರಾಣಿ. ಸ್ಕಾಟ್ಸ್‌ನ ಬೀಸ್ಟಿ ಪುಟ್ಟ ಜೀವ. ಆ ಮುದ್ದು, ಆ ಕನಿಕರ ಪದದಲ್ಲೇ ಇದೆ. ಅದನ್ನು ತಿದ್ದಿದರೆ ಪದ್ಯವೇ ಹೋಗುತ್ತದೆ.

1786ರಲ್ಲಿ ಕಿಲ್ಮಾರ್ನಾಕ್ ಪಟ್ಟಣದಲ್ಲಿ ಅವನ ಮೊದಲ ಸಂಕಲನದ 612 ಪ್ರತಿಗಳು ಅಚ್ಚಾದವು. ಸ್ಕಾಟ್ಸ್ ತಿಳಿಯದ ಓದುಗರಿಗಾಗಿ ಕೊನೆಯಲ್ಲಿ ಪದಗಳ ಅರ್ಥಕೋಶವಿತ್ತು. ಹೆಸರು ಬಂದ ಮೇಲೆ, ಇನ್ನು ಇಂಗ್ಲಿಷಿನಲ್ಲೇ ಬರೆ ಎಂದು ಡಾ. ಜಾನ್ ಮೂರ್ ಮುಂತಾದ ಹಿರಿಯರು ಬುದ್ಧಿ ಹೇಳಿದರು. ಅವನು ಇಂಗ್ಲಿಷಿನಲ್ಲೂ ಬರೆದ. ಮನೆಯ ನುಡಿಯನ್ನು ಮಾತ್ರ ಬಿಡಲಿಲ್ಲ. 1791ರಲ್ಲಿ ಪ್ರಕಟವಾದ ಟ್ಯಾಮ್ ಓ ಶ್ಯಾಂಟರ್ ಪದ್ಯದಲ್ಲಿ ಮಾಟಗಾತಿಯರು ಕುಣಿಯುವುದು ಅವನು ಹುಟ್ಟಿದ ಊರಿನ ಪಾಳು ಚರ್ಚಿನಲ್ಲೇ. ಎಳವೆಯಲ್ಲಿ ಬೆಟ್ಟಿ ಹೇಳಿದ ಬಗೆಯ ದೆವ್ವಗಳು ಅಲ್ಲಿ ಬೋಗಲ್ ಎಂಬ ಸ್ಕಾಟ್ಸ್ ಹೆಸರಿನಿಂದಲೇ ಬರುತ್ತವೆ. 1796ರ ಜುಲೈ 21ರಂದು, 37ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ.

ಪಾಠ ಯೋಜನೆಯಲ್ಲಿ ನಾನು ಟಿಪ್ಪಣಿ ಮಾಡಿಕೊಂಡದ್ದು ಆ ಅರ್ಥಕೋಶವನ್ನು. ಓದುಗರಿಗೆ ತಿಳಿಯದೆಂದು ಅವನು ಪದವನ್ನು ಅಳಿಸಲಿಲ್ಲ, ಅರ್ಥ ಬರೆದ. ಮರುದಿನ ಹುಡುಗನ ನೋಟ್‌ಬುಕ್ಕಿನಲ್ಲಿ ಉಸುಕು ಎಂದು ಮತ್ತೆ ಬರೆದು, ಅಂಚಿನಲ್ಲಿ ಮರಳು ಎಂದು ಅರ್ಥ ಕೊಟ್ಟೆ. ತರಗತಿಯ ಗೋಡೆಗೆ ಮನೆಯ ಮಾತು ಎಂಬ ಹಾಳೆಯೊಂದನ್ನು ಅಂಟಿಸಿದೆವು. ಮೊದಲ ಪದ ಅವನದೇ.