ಅರ್ಕಾಟ್ ದಾರಿಗೆ ಬೀಗ ಹಾಕಿದ ಟಿಪ್ಪು: ಮೆಣಸು, ಗಂಧ ಮತ್ತು ಬೆಂಗಳೂರು ವರ್ತಕರ ಕಥೆ

ದೊಮ್ಮಲೂರು: ಹಲಸೂರು ದಾಟಿ ಕೆ.ಆರ್.ಪುರ, ಹೊಸಕೋಟೆ ಕಡೆ ಹೋಗೋರಿಗೆ ಹಳೇ ಮದ್ರಾಸ್ ರಸ್ತೆ ಅಂದ್ರೆ ಬರೀ ಟ್ರಾಫಿಕ್. ಆದರೆ ಒಂದು ಕಾಲದಲ್ಲಿ ಬೆಂಗಳೂರು ಪೇಟೆಯ ವರ್ತಕರಿಗೆ ಅನ್ನ ಕೊಟ್ಟಿದ್ದು ಇದೇ ಪೂರ್ವ ದಿಕ್ಕಿನ ದಾರಿ. ಕೋಲಾರ ದಾಟಿ ಘಟ್ಟ ಇಳಿದರೆ ಅರ್ಕಾಟ್ ಸೀಮೆ, ಅದರಾಚೆ ಮದ್ರಾಸ್. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದ ಶಾಸನಗಳಲ್ಲಿ ನಮ್ಮೂರಿಗೆ ದೇಶಿಮಾಣಿಕ್ಯಪಟ್ಟಣ ಅನ್ನೋ ಹೆಸರೂ ಇದೆ. ಪಟ್ಟಣ ಅನ್ನೋ ಮಾತು ಆಗ ವ್ಯಾಪಾರದ ಊರಿಗೆ ಸಲ್ಲುತ್ತಿತ್ತು. ಇಂಥ ದಾರಿಯ ವ್ಯಾಪಾರಕ್ಕೆ ಬೀಗ ಹಾಕಿದ್ದು ಟಿಪ್ಪು ಸುಲ್ತಾನ್.

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. 1782ರ ಡಿಸೆಂಬರಿನಲ್ಲಿ ತಂದೆ ಹೈದರಾಲಿ ತೀರಿಕೊಂಡಾಗ ಇಂಗ್ಲಿಷರ ಜೊತೆ ಯುದ್ಧ ನಡೀತಾನೇ ಇತ್ತು. 1784ರ ಮಂಗಳೂರು ಒಪ್ಪಂದದಿಂದ ಅದು ನಿಂತಿತು. ಯುದ್ಧಗಳ ಕಥೆ ಎಲ್ಲರಿಗೂ ಗೊತ್ತು. ವ್ಯಾಪಾರದ ಕಥೆ ಗೊತ್ತಿರೋರು ಕಮ್ಮಿ.

ಈಸ್ಟ್ ಇಂಡಿಯಾ ಕಂಪನಿಗೆ ಬೇಕಾಗಿದ್ದು ಮಲಬಾರಿನ ಕರಿಮೆಣಸು, ಏಲಕ್ಕಿ, ಮೈಸೂರಿನ ಶ್ರೀಗಂಧ. ತಲಶ್ಶೇರಿಯಲ್ಲಿ ಕೋಠಿ ಇಟ್ಟುಕೊಂಡು ಆದಷ್ಟು ಅಗ್ಗಕ್ಕೆ ಕೊಳ್ಳೋದು, ದೂರದ ದೇಶಗಳಲ್ಲಿ ದುಬಾರಿಗೆ ಮಾರೋದು ಅದರ ಲೆಕ್ಕ. ಈ ಲಾಭದ ಹಣವೇ ನಾಳೆ ತನ್ನ ಮೇಲೆ ಬರೋ ಸೈನ್ಯದ ಖರ್ಚಿಗೆ ಆಗುತ್ತೆ ಅನ್ನೋದು ಟಿಪ್ಪುಗೆ ಅರ್ಥವಾಗಿತ್ತು. ಹಾಗಾಗಿ ಈ ಸರಕು ಇಂಗ್ಲಿಷರ ಕೈಗೆ ಹೋಗದಂತೆ ತಡೆದ. ಮಾರಾಟವನ್ನು ಸರ್ಕಾರದ ಕೈಗೆ ತಗೊಂಡ.

ಮಾಲು ತಡೆದರೆ ಸಾಲದು, ಬೇರೆ ಗಿರಾಕಿ ಬೇಕು. ಅದಕ್ಕೆ ಅರಬ್ಬೀ ಸಮುದ್ರದಾಚೆ ಮಸ್ಕತ್‌ನಲ್ಲಿ ಮೈಸೂರಿನ ಕೋಠಿ ತೆರೆದ. ಮಂಗಳೂರು ಕಡೆಯಿಂದ ಅಕ್ಕಿ, ಮೆಣಸು, ಏಲಕ್ಕಿ, ಗಂಧ ಹಡಗು ಹತ್ತುತ್ತಿತ್ತು. ಆ ಕಡೆಯಿಂದ ಕುದುರೆ, ಗಂಧಕದಂಥ ಸರಕು ಬರಬೇಕು. ಬೆಲೆ ಏರೋ ತನಕ ಮಾಲು ಬಿಡಬೇಡಿ ಅನ್ನೋ ಅರ್ಥದ ಆದೇಶಗಳು ಅಲ್ಲಿನ ಅಧಿಕಾರಿಗಳಿಗೆ ಹೋಗುತ್ತಿದ್ದವು. ರೇಷ್ಮೆ ಹುಳ ತರೋದಕ್ಕೆ ಬಂಗಾಳಕ್ಕೂ ಜನ ಕಳಿಸಿದ.

1793ರ ಹೊತ್ತಿಗೆ ಇದಕ್ಕೆಲ್ಲ ಒಂದು ನಿಯಮಾವಳಿಯೇ ಬಂತು. ವ್ಯಾಪಾರಕ್ಕೆ ಒಂಬತ್ತು ಜನರ ಮಂಡಳಿ. ರಾಜ್ಯದೊಳಗೆ 30, ಹೊರಗೆ 17 ಕೋಠಿಗಳ ಯೋಜನೆ. ಜನಸಾಮಾನ್ಯರೂ ದುಡ್ಡು ಹೂಡಬಹುದಿತ್ತು. 500ರ ತನಕ ಹೂಡಿದ ಸಣ್ಣವರಿಗೆ ವರ್ಷಕ್ಕೆ ನೂರಕ್ಕೆ 50 ಲಾಭ, 5,000ದ ತನಕ 25, ಅದಕ್ಕಿಂತ ದೊಡ್ಡ ಕುಳಗಳಿಗೆ 12. ಕಾಗದದ ಮೇಲಂತೂ ಸಣ್ಣವನಿಗೇ ಹೆಚ್ಚು.

ಇನ್ನೊಂದು ಮುಖ ನೋಡಬೇಕಂದ್ರೆ ಬೆಂಗಳೂರು ಪೇಟೆಗೇ ಬರಬೇಕು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದು ವಿಚಾರಿಸಿದ. ಹೈದರ್ ಕಾಲದಲ್ಲಿ ಜೋರಾಗಿದ್ದ ಪೇಟೆ ಬಿದ್ದುಹೋಗಿದ್ದು ಯಾಕೆ ಅಂತ ಬರೆದಿಟ್ಟಿದ್ದಾನೆ. ಅರ್ಕಾಟ್ ಮತ್ತು ಹೈದರಾಬಾದ್ ಸೀಮೆಗಳ ಜೊತೆ ವ್ಯಾಪಾರ ಮಾಡಬಾರದು ಅಂತ ಟಿಪ್ಪು ಆಜ್ಞೆ ಮಾಡಿದ. ಅದೂ ಸಾಲದು ಅಂತ ಸರ್ಕಾರಿ ಸರಕನ್ನು ಹೆಚ್ಚಿನ ಬೆಲೆಗೆ ವರ್ತಕರ ತಲೆಗೆ ಕಟ್ಟಿದ. ಬುಕಾನನ್ ಕಂಪನಿಯ ಮನುಷ್ಯ, ಟಿಪ್ಪುವನ್ನು ಹೊಗಳೋ ಪೈಕಿ ಅಲ್ಲ. ಅದನ್ನ ನೆನಪಿಟ್ಟುಕೊಂಡೇ ಓದಬೇಕು. ಆದರೂ ದಾರಿ ಮುಚ್ಚಿದರೆ ಪೇಟೆಗೆ ಪೆಟ್ಟು ಬೀಳೋದು ಸುಳ್ಳಲ್ಲ. ಶತ್ರುವಿನ ಆದಾಯ ಕಟ್ಟು ಮಾಡೋಕೆ ಹೋಗಿ ತನ್ನ ವರ್ತಕರ ಆದಾಯವೂ ಕಟ್ಟಾಯ್ತು.

ಆಮೇಲೆ ವರ್ತಕರಿಗೆ ಮುಚ್ಚಿದ ಪೂರ್ವದ ಕಡೆಯಿಂದಲೇ ಶತ್ರು ಬಂದ. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಕೋಲಾರ, ಹೊಸಕೋಟೆ ಮೇಲೆ ಹಾದು ಬಂತು. ಮಾರ್ಚ್ 21ಕ್ಕೆ ಬೆಂಗಳೂರು ಕೋಟೆ ಬಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಮಕ್ಕಳು ಹೋದರು. ಮೆಣಸಿನ ಸೀಮೆ ಮಲಬಾರು ಕಂಪನಿಗೆ ಸಿಕ್ಕಿತು. ಅಂದರೆ 1793ರ ಆ ದೊಡ್ಡ ನಿಯಮಾವಳಿ ಬಂದಿದ್ದು ಮೆಣಸಿನ ಬಳ್ಳಿ ಕೈತಪ್ಪಿದ ಮೇಲೆ. 1799ರ ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತಾ ಸತ್ತ. ಹತ್ತು ವರ್ಷದಲ್ಲಿ, 1809ರಲ್ಲಿ, ಇಂಗ್ಲಿಷರು ಹಲಸೂರು ಪಕ್ಕ ದಂಡು ಕಟ್ಟಿದರು. ದೊಮ್ಮಲೂರಿನ ಸುತ್ತ ಇವತ್ತಿಗೂ ಮಿಲಿಟರಿ ಜಾಗ ಇರೋದು ಆ ಕಥೆಯ ಮುಂದುವರಿಕೆ.

ಸರ್ಕಾರ ರಫ್ತಿಗೆ ಕೈ ಹಾಕೋದು ಅಲ್ಲಿಗೆ ಮುಗಿಯಲಿಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ. 40 ಸುಂಕ ಹಾಕಿತು. ಪೇಟೆಯವರಿಗೆ ಬೆಲೆ ಏರಬಾರದು ಅನ್ನೋದು ಕಾರಣ. ಹೊರದೇಶಕ್ಕೇ ಅಂತ ಬೆಳೆಯೋ ಬೆಂಗಳೂರು ಗುಲಾಬಿ ಈರುಳ್ಳಿಗೂ ಅದು ತಗುಲಿತು. ಚಿಕ್ಕಬಳ್ಳಾಪುರ, ಕೋಲಾರದ ರೈತರು ಕಂಗಾಲಾದರು. ಸೆಪ್ಟೆಂಬರ್ ಕೊನೆಗೆ ವಿನಾಯಿತಿ ಸಿಕ್ಕಿತು.

ಇನ್ನು ಗಂಧದ ಮರ. ಅದನ್ನು ರಾಜವೃಕ್ಷ ಅಂತ ಸಾರಿದ್ದು ಟಿಪ್ಪು ಅನ್ನುತ್ತಾರೆ. ಆಮೇಲೆ ಬಂದ ಇಂಗ್ಲಿಷರು, ಒಡೆಯರು, ನಮ್ಮ ಸರ್ಕಾರಗಳು ಯಾರೂ ಆ ಹಿಡಿತ ಬಿಡಲಿಲ್ಲ. ತನ್ನ ಹೊಲದಲ್ಲಿ ಬೆಳೆದ ಗಂಧದ ಮರಕ್ಕೆ ರೈತನೇ ಮಾಲೀಕ ಅಂತ ಕರ್ನಾಟಕದ ಕಾನೂನು ಒಪ್ಪಿಕೊಂಡಿದ್ದು 2001ರ ತಿದ್ದುಪಡಿಯಲ್ಲಿ.