ಹೋಮಿ ಭಾಭಾ

ಹೋಮಿ ಜಹಾಂಗೀರ್ ಭಾಭಾ ಅವರು 1909ನೆಯ ಅಕ್ಟೋಬರ್ 30ರಂದು ಮುಂಬಯಿಯ ಪಾರಸಿ ಮನೆತನವೊಂದರಲ್ಲಿ ಜನಿಸಿದರು. ಮಗನು ಎಂಜಿನಿಯರನಾಗಿ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯನ್ನು ಸೇರಬೇಕೆಂಬುದು ತಂದೆಯ ಆಸೆಯಾಗಿತ್ತು. 1927ರಲ್ಲಿ ಕೇಂಬ್ರಿಜ್‌ಗೆ ತೆರಳಿದ ತರುಣನ ಮನಸ್ಸಾದರೋ ಭೌತವಿಜ್ಞಾನಕ್ಕೆ ಒಲಿಯಿತು. ತಂದೆಯ ಇಚ್ಛೆಯಂತೆ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಗಳಿಸಿದ ಮೇಲೆಯೇ ಅವರು ತಮ್ಮ ಹಾದಿ ಹಿಡಿದರು.

ಎಲೆಕ್ಟ್ರಾನಿನಷ್ಟೇ ತೂಕವುಳ್ಳ, ಆದರೆ ಧನವಿದ್ಯುತ್ತನ್ನು ಹೊತ್ತ ಪಾಸಿಟ್ರಾನ್ 1932ರಲ್ಲಿ ಪತ್ತೆಯಾಗಿತ್ತು. ಇವೆರಡು ಕಣಗಳು ಪರಸ್ಪರ ಎದುರಾದಾಗ ಯಾವ ದಿಕ್ಕಿಗೆ ಎಷ್ಟು ಚದರುತ್ತವೆಂಬುದನ್ನು ಭಾಭಾ ಗಣಿಸಿ 1936ರಲ್ಲಿ ಪ್ರಕಟಿಸಿದರು. ಆ ಕ್ರಿಯೆಗೆ ಭಾಭಾ ಚದರಿಕೆ ಎಂಬ ಹೆಸರೇ ನಿಂತಿದೆ. ಪರಮಾಣು ಬೀಜವನ್ನು ಬಿಗಿದಿಡುವ ಬಲವನ್ನು ವಿವರಿಸಲು ಜಪಾನಿನ ಯುಕಾವಾ ಅವರು ಹೊಸ ಕಣವೊಂದನ್ನು ಊಹಿಸಿದ್ದರು. ಅದಕ್ಕೆ ಬೆಳಕಿನ ಕಣಕ್ಕಿರುವಂತೆ ಒಂದು ಮಾನದ ಗಿರಕಿ ಇರಬಹುದೆಂದು ಭಾವಿಸಿ, ಅದರ ವರ್ತನೆಯನ್ನು 1938ರಲ್ಲಿ ವಿವೇಚಿಸಿದವರಲ್ಲಿ ಭಾಭಾ ಒಬ್ಬರು. ಅಂತಹ ಕಣಗಳೇ ಸದಿಶ ಮೇಸಾನುಗಳು. ಮೇಸಾನ್ ಎಂಬ ಚಿಕ್ಕ ಹೆಸರನ್ನು ಸೂಚಿಸಿದವರೂ ಅವರೇ.

1939ರಲ್ಲಿ ರಜೆಗೆಂದು ಅವರು ಸ್ವದೇಶಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಸಿಡಿಯಿತು. ಕೇಂಬ್ರಿಜ್‌ನ ಬಾಗಿಲು ಮುಚ್ಚಿತು. ಭಾಭಾ ಎದೆಗುಂದದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಭೌತವಿಜ್ಞಾನ ವಿಭಾಗಕ್ಕೆ ಆಗ ಸಿ. ವಿ. ರಾಮನ್ ಅವರು ಮುಖ್ಯಸ್ಥರು. ಅಲ್ಲಿ ದೊಡ್ಡ ಯಂತ್ರಗಳಿರಲಿಲ್ಲ. ಆದರೆ ಸಕಲೇಶಪುರದ ಬೆಟ್ಟಗಳ ಮೇಲೂ ಕೋಲಾರದ ಬಯಲಿನ ಮೇಲೂ ಹಗಲಿರುಳೆನ್ನದೆ ಸುರಿಯುವ ವಿಶ್ವಕಿರಣಗಳಿದ್ದವು. ಭಾಭಾ ಮತ್ತು ಸಂಗಡಿಗರು ಉಪಕರಣಗಳನ್ನು ವಿಮಾನದಲ್ಲಿ ಮೇಲಕ್ಕೊಯ್ದು ಮೇಸಾನುಗಳನ್ನು ಎಣಿಸಿದರು.

ಯುದ್ಧ ಮುಗಿದೊಡನೆ ಹೊರದೇಶಕ್ಕೆ ಮರಳುವ ಯೋಚನೆ ಭಾಭಾ ಅವರಿಗಿತ್ತು. ಬೆಂಗಳೂರಿನ ವರ್ಷಗಳು ಅದನ್ನು ಬದಲಿಸಿದವು. ಉತ್ತಮ ಸಂಸ್ಥೆಗಳು ಇಲ್ಲವೆಂದು ಕೊರಗುವುದಕ್ಕಿಂತ ಅವುಗಳನ್ನು ಕಟ್ಟುವುದೇ ಕರ್ತವ್ಯವೆಂದು ಅವರು ಮನಗಂಡರು. 1944ರ ಮಾರ್ಚಿಯಲ್ಲಿ ಟಾಟಾ ಧರ್ಮನಿಧಿಗೆ ಪತ್ರ ಬರೆದು ನೆರವು ಕೋರಿದರು. ಅದರ ಫಲವಾಗಿ 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಬೆಂಗಳೂರಿನಲ್ಲಿಯೇ ಆರಂಭವಾಗಿ, ಅದೇ ವರ್ಷ ಮುಂಬಯಿಗೆ ಸಾಗಿತು. ಅವರ ಸೂಚನೆಯಂತೆ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರು 1951ರಲ್ಲಿ ಕೋಲಾರದ ಚಿನ್ನದ ಗಣಿಗಿಳಿದು, ನೆಲದಾಳವನ್ನು ಹೊಕ್ಕುಬರುವ ಕಣಗಳನ್ನು ಅಳೆದರು.

1966ನೆಯ ಜನವರಿ 24ರಂದು ಆಲ್ಪ್ಸ್ ಪರ್ವತದ ಮಾಂ ಬ್ಲಾಂ ಶಿಖರದ ಬಳಿ ವಿಮಾನ ಅಪಘಾತದಲ್ಲಿ ಭಾಭಾ ಮಡಿದರು. ಅವರ ಲೆಕ್ಕಾಚಾರ ಮಾತ್ರ ಅಳಿಯಲಿಲ್ಲ. ವೇಗೋತ್ಕರ್ಷಕ ಯಂತ್ರಗಳಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳು ಡಿಕ್ಕಿಯಾಗಿ ಅಳಿದಾಗ, ಅವುಗಳ ಶಕ್ತಿಯಿಂದ ಸದಿಶ ಮೇಸಾನುಗಳು ಹುಟ್ಟುತ್ತವೆ. ಒಂದು ನಿರ್ದಿಷ್ಟ ಶಕ್ತಿಯಲ್ಲಿ ಹೊಮ್ಮುವ ಕಣಗಳ ಸಂಖ್ಯೆ ಥಟ್ಟನೆ ಏರಿದರೆ, ಅದಕ್ಕೆ ಕಾರಣ ಹೊಸ ಮೇಸಾನೋ, ಡಿಕ್ಕಿಗಳೇ ಹೆಚ್ಚಾದವೋ? ಇದನ್ನು ನಿರ್ಣಯಿಸಲು ನಂಬಿಕೆಯ ಅಳತೆಗೋಲು ಬೇಕು. ಭಾಭಾ ಚದರಿಕೆಯೇ ಆ ಅಳತೆಗೋಲು. ಚದರಿದ ಜೋಡಿಗಳನ್ನು ಎಣಿಸಿದರೆ ಡಿಕ್ಕಿಗಳ ಪ್ರಮಾಣ ತಿಳಿಯುತ್ತದೆ. 1974ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಯಂತ್ರದಲ್ಲಿ, ಪ್ರೋಟಾನಿನ ಮೂರು ಪಟ್ಟಿಗೂ ಮಿಗಿಲಾದ ತೂಕದ ಜೆ-ಸೈ ಎಂಬ ಸದಿಶ ಮೇಸಾನ್ ಕಾಣಿಸಿಕೊಂಡಾಗಲೂ ಈ ಅಳತೆ ಬಳಕೆಯಲ್ಲಿತ್ತು. ಇಪ್ಪತ್ತಾರರ ಹರೆಯದಲ್ಲಿ ಭಾಭಾ ಕಾಗದದ ಮೇಲೆ ಮಾಡಿದ ಲೆಕ್ಕ ಇಂದಿಗೂ ಪ್ರಯೋಗಶಾಲೆಗಳಲ್ಲಿ ದುಡಿಯುತ್ತಿದೆ.