ಅರ್ಧ ಕಪ್ಪಾದ ಮದುವೆ ಫೋಟೊ ಮತ್ತು ಎಡ್ಜರ್ಟನ್

ಯಲವಿಗಿ ಸುತ್ತಮುತ್ತ ನಮ್ಮ ಕಾಕಾ ಮದುವೆ ಫೋಟೊ ತೆಗೆಯುತ್ತಿದ್ದ ಕಾಲ. ಅವರಲ್ಲಿದ್ದದ್ದು ಪೆಂಟ್ಯಾಕ್ಸ್ ಕೆ1000 ಎಂಬ ರೀಲ್ ಕ್ಯಾಮೆರಾ, ಅದರ ಮೇಲೊಂದು ಫ್ಲ್ಯಾಶ್. ಒಂದು ಮದುವೆಯ ರೀಲು ಹುಬ್ಬಳ್ಳಿಯಲ್ಲಿ ತೊಳೆದು ಬಂದಾಗ, ಅಕ್ಕಿಕಾಳಿನ ಫೋಟೊಗಳಲ್ಲೆಲ್ಲ ಮದುಮಗ ಮಾತ್ರ ಇದ್ದ. ಮದುಮಗಳು ಇರಬೇಕಾದ ಕಡೆ ಬರೀ ಕಪ್ಪು. ಅಕ್ಕಿಕಾಳನ್ನು ಮತ್ತೊಮ್ಮೆ ಹಾಕಿಸಲಾದೀತೆ? ಕಾಕಾ ಮುಂಗಡ ವಾಪಸು ಕೊಟ್ಟು ತಲೆ ತಗ್ಗಿಸಿ ಬಂದರು.

ತಪ್ಪು ಫ್ಲ್ಯಾಶಿನದಾಗಿರಲಿಲ್ಲ. ಬಿಸಿಲಲ್ಲಿ ಮೆರವಣಿಗೆ ತೆಗೆಯಲು ಶಟರ್ ವೇಗವನ್ನು 125ಕ್ಕೆ ಇಟ್ಟವರು, ಒಳಗೆ ಬಂದಮೇಲೆ 60ಕ್ಕೆ ಇಳಿಸುವುದನ್ನು ಮರೆತಿದ್ದರು. ಆ ಕ್ಯಾಮೆರಾದೊಳಗೆ ಬಟ್ಟೆಯ ಎರಡು ಪರದೆಗಳಿವೆ. ವೇಗ 60 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಮೊದಲ ಪರದೆ ಪೂರ್ತಿ ಸರಿದ ಮೇಲೆಯೇ ಎರಡನೆಯದು ಹೊರಡುತ್ತದೆ. ವೇಗ ಹೆಚ್ಚಿಸಿದರೆ ಅದು ಬೆನ್ನಟ್ಟಿ ಬಂದುಬಿಡುತ್ತದೆ. ಫ್ಲ್ಯಾಶ್ ಮಿಂಚುವ ಹೊತ್ತಿಗೆ ಫಿಲ್ಮಿನ ಒಂದು ಭಾಗ ಆಗಲೇ ಮುಚ್ಚಿರುತ್ತದೆ.

ಆ ಕ್ಯಾಮೆರಾ ಈಗ ನನ್ನ ಬಳಿ ಇದೆ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತ ಕೂತಿದ್ದಾಗ, ಈ ಮಿಂಚಿನ ಹಿಂದೆ ಯಾರಿದ್ದಾರೆಂದು ಹುಡುಕಿದೆ. ಸಿಕ್ಕವರು ಹೆರಾಲ್ಡ್ ಎಡ್ಜರ್ಟನ್. ಅವರೂ ಎಲೆಕ್ಟ್ರಿಕಲ್‌ನವರೇ ಎಂದು ತಿಳಿದಾಗ ಖುಷಿಯಾಯಿತು.

1903ರ ಏಪ್ರಿಲ್ 6ರಂದು ಅಮೆರಿಕದ ನೆಬ್ರಾಸ್ಕದಲ್ಲಿ ಹುಟ್ಟಿದ ಎಡ್ಜರ್ಟನ್ ಬೆಳೆದದ್ದು ಅರೋರಾ ಎಂಬ ಸಣ್ಣ ಊರಿನಲ್ಲಿ. ಫೋಟೊ ಹುಚ್ಚು ಹತ್ತಿಸಿದ್ದು ಸಂಬಂಧದಲ್ಲಿ ಚಿಕ್ಕಪ್ಪನಂತಿದ್ದವರೊಬ್ಬರು. ರಜೆಯಲ್ಲಿ ಊರಿನ ವಿದ್ಯುತ್ ಕಂಪನಿಯಲ್ಲಿ ದುಡಿಮೆ. 1925ರಲ್ಲಿ ಪದವಿ ಮುಗಿಸಿ, ಆಮೇಲೆ ಎಂಐಟಿ ಸೇರಿದರು.

ಅಲ್ಲಿ ಅವರ ತಲೆ ತಿಂದದ್ದು ಕ್ಯಾಮೆರಾ ಅಲ್ಲ, ಮೋಟಾರು. ವಿದ್ಯುತ್ತಿನಲ್ಲಿ ಏರುಪೇರಾದಾಗ ಸಿಂಕ್ರೊನಸ್ ಮೋಟಾರು ಲಯ ತಪ್ಪುವುದೇಕೆ ಎಂದು ನೋಡಬೇಕಿತ್ತು. ಆದರೆ ಗರಗರ ತಿರುಗುವುದನ್ನು ಕಣ್ಣಿನಿಂದ ನೋಡುವುದು ಹೇಗೆ? ಮೋಟಾರಿನ ಸುತ್ತಿಗೆ ಸರಿಹೊಂದುವಂತೆ ದೀಪ ಮಿನುಗಿದರೆ, ತಿರುಗುವ ಭಾಗ ನಿಂತಂತೆಯೇ ಕಾಣುತ್ತದೆಂದು ಅವರು ಕಂಡುಕೊಂಡರು. 1931ರಲ್ಲಿ ಡಾಕ್ಟರೇಟ್ ಸಿಕ್ಕಿತು. ಆಮೇಲೆ ಆ ದೀಪವನ್ನು ಮೋಟಾರಿನಿಂದಾಚೆ ತಿರುಗಿಸಿದರು: ನಲ್ಲಿ ನೀರು, ಹಾರುವ ಹಕ್ಕಿ, ಹಾಲಿನ ಹನಿ.

ಆಗ ಫೋಟೊಗ್ರಾಫರುಗಳು ಬಳಸುತ್ತಿದ್ದದ್ದು ಒಮ್ಮೆ ಉರಿದರೆ ಮುಗಿಯುವ ಬಲ್ಬು. ಅದು ಪೂರ್ತಿ ಬೆಳಗಲು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟಾದರೂ ಬೇಕು. ಎಡ್ಜರ್ಟನ್ ಕೆಪಾಸಿಟರಿನಲ್ಲಿ ವಿದ್ಯುತ್ ಕೂಡಿಟ್ಟು, ಅನಿಲ ತುಂಬಿದ ಗಾಜಿನ ಕೊಳವೆಯೊಳಗೆ ಒಮ್ಮೆಲೇ ಬಿಟ್ಟರು. ಬೆಳಕು ಹುಟ್ಟಿದ್ದೇ ಸತ್ತಿತು. ಮತ್ತೆ ಮತ್ತೆ ಹುಟ್ಟಿತು. ಹಳೆಯ ಕ್ಯಾಮೆರಾಗಳ ಮೇಲೆ ಎಂ, ಎಕ್ಸ್ ಎಂಬ ಗುರುತುಗಳಿರುವುದು ಈ ವ್ಯತ್ಯಾಸಕ್ಕಾಗಿಯೇ. ಎಂ ಎಂದರೆ ಬಲ್ಬು ಮೊದಲು, ಶಟರ್ ಆಮೇಲೆ. ಎಕ್ಸ್ ಎಂದರೆ ಶಟರ್ ತೆರೆದ ಕ್ಷಣಕ್ಕೇ ಫ್ಲ್ಯಾಶ್. ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಎಂಗೆ ಇಟ್ಟು ತೆಗೆದರೆ ಶಟರ್ ತೆರೆಯುವ ಮೊದಲೇ ಬೆಳಕು ಮುಗಿದು, ಫಿಲ್ಮಿನಲ್ಲಿ ಏನೂ ಉಳಿಯುವುದಿಲ್ಲ.

1964ರಲ್ಲಿ ಸೇಬನ್ನು ಸೀಳಿ ಹೊರಬರುವ ಗುಂಡಿನ ಫೋಟೊ ತೆಗೆಯುವಾಗ ಅವರು ಶಟರಿನ ಗೊಡವೆಯನ್ನೇ ಬಿಟ್ಟಿದ್ದರು. ಕತ್ತಲೆ ಕೋಣೆಯಲ್ಲಿ ಶಟರ್ ತೆರೆದೇ ಇತ್ತು. ಗುಂಡಿನ ಸದ್ದು ಮೈಕ್ ಮುಟ್ಟಿದಾಗ ಫ್ಲ್ಯಾಶ್ ಮಿಂಚಿತು. ಹೊತ್ತು ಹೊಂದಿಸಲು ಮೈಕನ್ನು ಅತ್ತಿತ್ತ ಸರಿಸಿದರಾಯಿತು.

ಆ ಬೆಳಕು ಯುದ್ಧಕ್ಕೂ ಹೋಯಿತು. 1944ರ ಜೂನ್‌ನಲ್ಲಿ ಮಿತ್ರಸೇನೆ ನಾರ್ಮಂಡಿಯಲ್ಲಿ ಇಳಿಯುವ ಹೊತ್ತಿನಲ್ಲಿ, ರಾತ್ರಿ ವಿಮಾನದಿಂದ ನೆಲದ ಫೋಟೊ ತೆಗೆಯಲು ನೆರವಾದದ್ದು ಅವರ ಫ್ಲ್ಯಾಶೇ. ಮುಂದೆ ಅಣುಬಾಂಬ್ ಸ್ಫೋಟಗಳ ಮೊದಲ ಕ್ಷಣಗಳನ್ನೂ ಸೆರೆಹಿಡಿದರು. ಅವನ್ನು ಹಾಲಿನ ಹನಿಯಷ್ಟು ಸಮಾಧಾನದಿಂದ ನೋಡಲು ನನ್ನಿಂದಾಗುವುದಿಲ್ಲ. 1950ರ ದಶಕದಲ್ಲಿ ಸಾಗರ ಶೋಧಕ ಕುಸ್ಟೊ ಜೊತೆ ಕಡಲಾಳಕ್ಕೂ ಫ್ಲ್ಯಾಶ್ ಇಳಿಸಿದರು. ಹಡಗಿನವರು ಇಟ್ಟ ಹೆಸರು ಪಾಪಾ ಫ್ಲ್ಯಾಶ್. ಪಾಪಾ ಎಂದರೆ ಅಪ್ಪ. ನಮ್ಮ ಪಾಪ-ಪುಣ್ಯದ ಪಾಪವಲ್ಲ!

ಹಾಲಿನ ಹನಿ ಬಿದ್ದು ಕಿರೀಟದಂತೆ ಏಳುವ ಚಿತ್ರಕ್ಕಂತೂ ವರ್ಷಗಟ್ಟಲೆ ಬೆನ್ನುಬಿದ್ದಿದ್ದರು. 1930ರ ದಶಕದಲ್ಲೇ ತೆಗೆದಿದ್ದರೂ ಬಿಡಲಿಲ್ಲ. ಜಗತ್ತು ನೆನಪಿಟ್ಟ ಬಣ್ಣದ ಚಿತ್ರ ಬಂದದ್ದು 1957ರಲ್ಲಿ. 1990ರ ಜನವರಿ 4ರಂದು, ಅದೇ ಎಂಐಟಿಯಲ್ಲಿ ಅವರು ತೀರಿಕೊಂಡರು.

ಆ ಮದುವೆಯ ನಂತರ ಕಾಕಾ ಶಟರ್ ಚಕ್ರದ 60ರ ಪಕ್ಕ ಕಾಕಿಯ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಟ್ಟಿದ್ದರು. ಅದು ಇನ್ನೂ ಮಾಸಿಲ್ಲ.